ಸದ್ದಿಲ್ಲದ ಒಡಪು

ಜಾರ್ಜ್‌ಟೌನ್‌ನಲ್ಲಿದ್ದ ಅತ್ತೆಯ ಸೋದರಮಾವ ಮನೆ ಮಾರುವಾಗ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನಮ್ಮ ಅತ್ತೆ-ಮಾವನ ಮದುವೆ ಸಿಕ್ಕಿತು. ಐವತ್ತು ವರ್ಷದ ಹಿಂದೆ ಆ ಮಹಾನುಭಾವರು ಈ ಹಿಮದ ದೇಶದಿಂದ ಸೂಪರ್ ಎಯ್ಟ್ ಫಿಲ್ಮ್ ಕ್ಯಾಮೆರಾ ಹೊತ್ತು ಧಾರವಾಡಕ್ಕೆ ಹೋಗಿ ಮದುವೆಯನ್ನು ಚಿತ್ರಿಸಿದ್ದರು, ಅದೂ ಧ್ವನಿ ಸಮೇತ. ತಂದು ಬೇಸ್‌ಮೆಂಟಿನಲ್ಲಿಟ್ಟವರು ಮರೆತೇಬಿಟ್ಟಿದ್ದರು. ಮದುಮಕ್ಕಳೇ ಅದನ್ನು ನೋಡಿರಲಿಲ್ಲ.

ಆ ತಿಂಗಳ ಕೊನೆಗೆ ಅವರ ಮದುವೆಯ ಐವತ್ತನೇ ವರ್ಷದ ಊಟವಿತ್ತು. ಹಳೆಯ ಫಿಲ್ಮುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿ ನಾವಿರುವ ಎಟೋಬಿಕೋದಲ್ಲೇ ಇದೆ. ಮಾವನನ್ನು ಕರೆದುಕೊಂಡು ಹೋದೆ. ಅಂಗಡಿಯವನು ಫಿಲ್ಮನ್ನು ದೀಪಕ್ಕೆ ಹಿಡಿದು, ಅಂಚಿನಲ್ಲಿರುವ ಕಂದು ಪಟ್ಟಿಯಲ್ಲೇ ಸದ್ದು ಇರುವುದು, ಆ ಪಟ್ಟಿ ಪೂರಾ ಉದುರಿಹೋಗಿದೆ ಎಂದ. ಚಿತ್ರವೇನೋ ಚೆನ್ನಾಗಿತ್ತು.

"ಫುಲ್ಲಿ ನಥಿಂಗಾ?" ಎಂದರು ಮಾವ. ಅವನು ಹೌದೆಂದ. ಬಾಗಿಲ ತನಕ ಬಂದವರು ವಾಪಸು ಹೋಗಿ ಅದನ್ನೇ ಇನ್ನೊಮ್ಮೆ ಕೇಳಿ ಬಂದರು. ಕಾರಿನಲ್ಲಿ ಅವರ ಮುಖ ಬಾಡಿತ್ತು.

"ನೋಡವಾ, ಒಂದು ಮಾತು ಹೇಳತೇನಿ, ನಿಮ್ಮತ್ತಿ ಮುಂದ ಬಾಯಿ ಬಿಡಬ್ಯಾಡ," ಎಂದರು. "ಅವತ್ತ ಆಕಿ ಹೇಳಿದ ಒಡಪು ನನಗ ಕೇಳಿಸೇ ಇಲ್ಲ."

ಉತ್ತರ ಕರ್ನಾಟಕದ ಮದುವೆಗಳಲ್ಲಿ ಮದುಮಗಳು ಗಂಡನ ಹೆಸರನ್ನು ಪ್ರಾಸದ ಪದ್ಯವೊಂದರಲ್ಲಿ ಸೇರಿಸಿ ಎಲ್ಲರೆದುರು ಹೇಳಬೇಕು. ಅದೇ ಒಡಪು. ಮೈಸೂರಿನವಳಾದ ನಾನು ನನ್ನ ಮದುವೆಯಲ್ಲಿ ಬರೀ ಹೆಸರು ಹೇಳಿ ಕೈತೊಳೆದುಕೊಂಡಿದ್ದೆ. ಅತ್ತೆ ಅದನ್ನು ಇನ್ನೂ ಮರೆತಿಲ್ಲ.

"ಸನಾದಿಯವ ನನ್ನ ಕಿವ್ಯಾಗ ಊದಲಿಕ್ಕೆ ಹತ್ತಿದ್ದ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಆಮ್ಯಾಲೆ ಆಕಿ 'ಒಡಪು ಹೆಂಗಿತ್ರಿ?' ಅಂದ್ಲು. 'ಭಾಳ ಛಂದ ಇತ್ತು' ಅಂದುಬಿಟ್ಟೆ."

"ಇಷ್ಟು ವರ್ಷದಲ್ಲಿ ಒಂದು ದಿನ ಕೇಳಬಹುದಿತ್ತಲ್ಲ ಮಾವ?"

"ಹೆಂಗ ಕೇಳಲಿ? ಛಂದ ಇತ್ತು ಅಂದಾಗಿತ್ತಲ್ಲ!"

ನನಗೆ ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಸಾಫ್ಟ್‌ವೇರ್ ಟೆಸ್ಟರ್ ನಾನು, ಸರಿಯಿಲ್ಲದ್ದನ್ನು ಕಂಡರೆ ಸುಮ್ಮನಿರಲಾರೆ. ಎಲ್ಲರೂ ಸೇರಿ ಚಿತ್ರಕ್ಕೆ ಹೊಸದಾಗಿ ಸದ್ದು ಕೂರಿಸೋಣ, ಒಡಪನ್ನು ಅತ್ತೆಯ ಬಾಯಲ್ಲೇ ಹೇಳಿಸೋಣ ಎಂದೆ. ಮಾವನ ಗುಟ್ಟೂ ಉಳಿಯುತ್ತದೆ, ಆಸೆಯೂ ತೀರುತ್ತದೆ.

ಅತ್ತೆ ಒಂದೇ ಮಾತಿಗೆ ತಳ್ಳಿಹಾಕಿದರು. "ಅವರನ್ನ ಕೇಳು. ಭಾಳ ಛಂದ ಇತ್ತು ಅಂದಿದ್ರು, ಬಾಯಿಪಾಠ ಇರ್ತದ." ಆಮೇಲೆ ತಾವೇ ಹೇಳಿದರು: "ಉಳಿದವರೆಲ್ಲಾ ಅವ್ವ ಕಲಿಸಿದ್ದು ಹೇಳ್ತಿದ್ರು. ನನ್ನ ಒಡಪು ನಾನೇ ಕಟ್ಟಿದ್ದೆ."

ಅಲ್ಲಿಂದ ಮುಂದೆ ಒಡಪಿನ ಸುದ್ದಿ ಎದ್ದಾಗಲೆಲ್ಲ ಮಾವ ಗರಾಜಿಗೆ ಹೋಗತೊಡಗಿದರು. ಸೆಪ್ಟೆಂಬರಿನಲ್ಲೇ ಹಿಮ ಎತ್ತುವ ಸಲಿಕೆ ತೊಳೆದು ಒರೆಸಿಟ್ಟರು.

ಉಳಿದ ಸದ್ದುಗಳಿಗೇನೂ ಬರವಿರಲಿಲ್ಲ. ಅಕ್ಷತೆಗೆ ಬಿಚ್ಚಿದ ಕೊಡೆಯ ಮೇಲೆ ಬಾಸ್ಮತಿ ಸುರಿದೆವು. ಸನಾದಿಯನ್ನು ನನ್ನ ಗಂಡ ಮೂಗು ಹಿಡಿದುಕೊಂಡು ಬಾಯಲ್ಲೇ ಊದಿದರು. ಮದುವೆಮನೆಯ ಗದ್ದಲಕ್ಕೆಂದು ಹುಬ್ಬಳ್ಳಿ ಕಡೆಯ ನಾಲ್ಕು ಸಂಸಾರಗಳನ್ನು ಊಟಕ್ಕೆ ಕರೆದು, ಏನಾದರೂ ಮಾತಾಡಿ ಎಂದೆ. ಹೀಗಾಗಿ ಇವತ್ತಿಗೂ ಕಿವಿಗೊಟ್ಟು ಕೇಳಿದರೆ ಆ ಹಳೆಯ ಧಾರವಾಡದ ಮಂಟಪದಲ್ಲಿ ಯಾರೋ "ವಿಂಟರ್ ಟೈರ್ ಹಾಕ್ಸಿದ್ರೇನು?" ಎನ್ನುವುದು ಕೇಳುತ್ತದೆ.

ನಗುವನ್ನು ತುಟಿಗಳಿಗೆ ಹೊಂದಿಸಲು ಚಿತ್ರವನ್ನು ನಿಧಾನಕ್ಕೆ ಓಡಿಸುತ್ತಿದ್ದೆ. ಅತ್ತೆ ಕನ್ನಡಕ ಏರಿಸಿ ಪಕ್ಕದಲ್ಲಿ ಕೂತಿದ್ದರು. ತೆರೆಯ ಮೇಲೆ ಮದುಮಗಳು ಒಡಪು ಮುಗಿಸಿದಳು, ಸುತ್ತಲಿನವರು ನಕ್ಕರು.

"ನಿಲ್ಲಸು. ಹಿಂದ ತಗೋ."

ಮೌಸ್ ಕೈಕೊಟ್ಟಿದೆ ಎಂದು ನಾಟಕ ಮಾಡಿದೆ. ಅತ್ತೆ ಬಿಡಲಿಲ್ಲ. ಇನ್ನೊಮ್ಮೆ ಓಡಿಸಿದಾಗ ಎಲ್ಲ ಸ್ಪಷ್ಟವಾಗಿ ಕಂಡಿತು. ಎಲ್ಲರೂ ನಗುತ್ತಿರುವಾಗ ಮದುಮಗ ಪಕ್ಕದವನ ಮುಖ ನೋಡುತ್ತಾನೆ, ಆಮೇಲೆ ನಗುತ್ತಾನೆ.

"ಇವರು ಕೇಳೇ ಇಲ್ಲ!" ಎಂದರು ಅತ್ತೆ. ಧ್ವನಿ ಸಣ್ಣದಾಗಿತ್ತು, ಅದಕ್ಕೇ ನನಗೆ ಹೆದರಿಕೆಯಾಯಿತು.

ಮಾವ ಗರಾಜಿನಿಂದ ಬಂದು ಸನಾದಿಯ ಕಥೆ ಒಪ್ಪಿಸಿದರು. ಅತ್ತೆ ಜಗಳವಾಡಲಿಲ್ಲ. ಊಟಕ್ಕೆ ಅವರೆದುರೇ ಕೂತು ನನಗೆ ಹೇಳಿದರು: "ಅವರಿಗೆ ಇನ್ನೊಂದು ಚಪಾತಿ ಬೇಕೇನು ಕೇಳು. ಜೋರಾಗಿ ಕೇಳು, ಅವರಿಗೆ ಒಮ್ಮೆ ಹೇಳಿದ್ರ ಕೇಳ್ಸೂದಿಲ್ಲ." ಆ ವಾರವಿಡೀ ನಾನೇ ನಮ್ಮ ಮನೆಯ ಟೆಲಿಫೋನು. ಮಾವ ನಡುನಡುವೆ ನನ್ನ ಕಡೆ ದೀನವಾಗಿ ನೋಡುತ್ತಿದ್ದರು. ಪಾಪ ಎನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟುಕೊಂಡು ಬಂದರು. "ಎಲ್ಲೆ ಹೇಳಬೇಕು?"

ಮನೆಯಲ್ಲಿ ಸದ್ದು ಗುಂಯ್‌ಗುಡದ ಒಂದೇ ಜಾಗವೆಂದರೆ ಚಳಿಗಾಲದ ಜಾಕೆಟ್ಟುಗಳನ್ನು ನೇತುಹಾಕುವ ಕ್ಲಾಸೆಟ್ಟು. ಅಲ್ಲಿ ಮೈಕು ಇಟ್ಟೆ. ಅತ್ತೆ ಒಳಗೆ ಕಾಲಿಟ್ಟು ತಿರುಗಿದರು.

"ಅವರೂ ಬರ್ಲಿ. ಅವರಿಗೆ ಹೇಳಿದ್ದದು, ಮಂದಿಗಲ್ಲ."

ಎಪ್ಪತ್ತು ದಾಟಿದ ಇಬ್ಬರೂ ಜಾಕೆಟ್ಟುಗಳ ನಡುವೆ ತೂರಿಕೊಂಡರು. ಬಾಗಿಲು ಮುಚ್ಚಿ ಹೊರಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಧೊಪ್ ಎಂದು ಏನೋ ಬಿತ್ತು. ನನ್ನ ಗಂಡನ ದಪ್ಪ ಜಾಕೆಟ್ಟು, ನೆಟ್ಟಗೆ ಮೈಕಿನ ಮೇಲೆ. ಆಮೇಲೆ ಬರೀ ನೈಲಾನಿನ ಸರಪರ. ಅದರಡಿಯಲ್ಲಿ ಅತ್ತೆಯ ದನಿ ಇತ್ತು, ಒಂದಕ್ಷರ ತಿಳಿಯಲಿಲ್ಲ. ಕೊನೆಗೆ ಮಾವನ ನಗು ಬಾಗಿಲು ದಾಟಿ ಹೊರಗೇ ಕೇಳಿಸಿತು. ಅದರ ಹಿಂದೆಯೇ ಮೂಗು ಸೀನಿಕೊಳ್ಳುವ ಸದ್ದು.

ಹೊರಗೆ ಬಂದ ಮಾವನ ಕಣ್ಣು ಕೆಂಪಾಗಿತ್ತು. "ಜಾಕೆಟ್ಟಿನ ಧೂಳು," ಎಂದರು.

"ಅತ್ತೆ, ಜಾಕೆಟ್ ಬಿದ್ದು ಎಲ್ಲ ಹಾಳಾಯ್ತು. ಇನ್ನೊಂದು ಸಲ ಹೇಳಿ, ಪ್ಲೀಸ್."

"ಆತಲ್ಲ. ಕೇಳಬೇಕಾದವರು ಕೇಳಿದ್ರು."

ನನಗೆ ತಲೆಕೆಟ್ಟಿತು. ತಿಂಗಳಿಡೀ ದುಡಿದದ್ದು ಇದಕ್ಕಾ? "ಮಾವ, ನೀವಾದ್ರೂ ಹೇಳಿ, ಏನಂದ್ರು?"

ಮಾವ ಅತ್ತೆಯ ಮುಖ ನೋಡಿದರು. "ಭಾಳ ಛಂದ ಇತ್ತವಾ," ಎಂದರು.

ಊಟದ ದಿನ ನಮ್ಮ ಬೇಸ್‌ಮೆಂಟಿನಲ್ಲಿ ಚಿತ್ರ ಹಾಕಿದೆವು. ಬಾಸ್ಮತಿ ಸುರಿಯಿತು, ಮೂಗಿನ ಸನಾದಿ ಊದಿತು, ಟೈರಿನ ಮಾತು ಬಂದಾಗ ಯಾರೋ ಕೇಕೆ ಹಾಕಿದರು. ಒಡಪಿನ ಜಾಗದಲ್ಲಿ ನಾನು ಎಲ್ಲ ಸದ್ದನ್ನೂ ತೆಗೆದುಬಿಟ್ಟಿದ್ದೆ. ಮದುಮಗಳ ತುಟಿಗಳು ಮಾತ್ರ ಆಡಿದವು. ಎಲ್ಲರೂ ಏನಂದ್ರು, ಏನಂದ್ರು ಎಂದು ಸೋಫಾದ ಕಡೆ ತಿರುಗಿದರು.

ತೆರೆಯ ಮೇಲೆ ಇನ್ನೂ ಯಾರೂ ನಕ್ಕಿರಲಿಲ್ಲ. ಸೋಫಾದ ಮೇಲೆ ಮಾವ ಆಗಲೇ ನಗಲು ಶುರುಮಾಡಿದ್ದರು.