ಕಾಲು ಮುಂದಾಗಿ ಹುಟ್ಟಿದವಳ ಬೆನ್ನು

ಹುಟ್ಟುವಾಗ ನನ್ನ ತಲೆಗಿಂತ ಮೊದಲು ಕಾಲು ಹೊರಗೆ ಬಂತಂತೆ. ಹಾಗೆ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮಿಡಿಗೇಶಿ ಸುತ್ತಿನ ಹಳ್ಳಿಗಳ ಜನ ಭಾನುವಾರ ಬೆಳಿಗ್ಗೆ ಬಂದು ನಮ್ಮ ಹೊಸ್ತಿಲ ಬಳಿ ಬೋರಲು ಮಲಗುತ್ತಿದ್ದರು. ನಾನು ಗೋಡೆ ಹಿಡಿದು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದೆಯುತ್ತಿದ್ದೆ. ಮದುವೆಯಾಗಿ ಬಂದ ಮನೆಯಲ್ಲಿ ಮರ್ಯಾದೆ ಇದ್ದದ್ದು ಆ ಒಂದು ಕಾಲಿಗೆ ಮಾತ್ರ. ಉಳಿದ ಮೈಯೆಲ್ಲ ದುಡಿಮೆಗೆ.

ಕುಡಿಯುವ ನೀರಿನ ಘಟಕ ಇರುವುದು ಊರಾಚೆ. ದಿನಾ ತುಂಬಿದ ಕ್ಯಾನನ್ನು ಸೊಂಟದ ಮೇಲಿಟ್ಟುಕೊಂಡು ತರುವುದು ನನ್ನ ಪಾಲಿನ ಕೆಲಸ. ಮನೆ ಮುಂದೆ ಬೈಕೇನೋ ನಿಂತಿರುತ್ತದೆ. ಅದರ ಸೀಟಿಗೆ ನೀರು ತಾಕಬಾರದು ಎಂಬುದು ಗಂಡನ ಕಟ್ಟಳೆ. ನೋವು ಶುರುವಾದಾಗ ಅತ್ತೆ ನಕ್ಕರು.

"ಊರೋರ ಸೊಂಟನೆಲ್ಲ ಒದ್ದು ವಾಸಿ ಮಾಡೋಳ್ಗೆ ಅದೆಂಗವ್ವ ಬಂದಾತು ನೋವು?"

ಆ ಮಾತು ಬೀದಿಯವರಿಗೆಲ್ಲ ರುಚಿಸಿತು. ನೋವು ಎಂದಾಗಲೆಲ್ಲ ಅದನ್ನೇ ತಿರುಗಿಸಿ ಕೇಳುತ್ತಿದ್ದರು.

ಕೊನೆಗೆ ನನ್ನ ತಮ್ಮ ತುಮಕೂರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದ. ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗಳು ಬಿಳಿಯಾಗಿ ಕಾಣಬೇಕಂತೆ. ನನ್ನ ಸೊಂಟದ ಎರಡು ಕಪ್ಪಾಗಿದ್ದವು. ಅವುಗಳೊಳಗಿನ ಜೀವಕೋಶಗಳು ಸಾಯುತ್ತಿವೆ ಎಂದರು ಡಾಕ್ಟರಮ್ಮ. ಸಾಯುವಾಗ ಸುಮ್ಮನಿರುವುದಿಲ್ಲವಂತೆ, ಸುತ್ತ ಉರಿಯೂತ ಎಬ್ಬಿಸುತ್ತವಂತೆ, ಆ ಉರಿಗೆ ಪಕ್ಕದವೂ ಸಾಯುತ್ತವಂತೆ. ರಕ್ತ ಅಲ್ಲಿಗೆ ನೇರವಾಗಿ ಹರಿಯುವುದಿಲ್ಲವಾದ್ದರಿಂದ ರಿಪೇರಿಯೂ ಕಷ್ಟ. "ಇರೋದನ್ನ ಉಳಿಸ್ಕೊಳ್ಳಿ. ಭಾರ ಎತ್ತಬೇಡಿ," ಎಂದರು. ನನಗೆ ಆ ಕೋಶಗಳ ಮೇಲೆ ಹೊಟ್ಟೆಕಿಚ್ಚಾಯಿತು. ಸಾಯುವಾಗಲಾದರೂ ಅವು ಗಲಾಟೆ ಮಾಡುತ್ತವೆ.

ಮನೆಯಲ್ಲಿ ಆ ಚಿತ್ರವನ್ನು ಯಾರೂ ಕವರಿನಿಂದ ಹೊರಗೆ ತೆಗೆಯಲಿಲ್ಲ. ಆದರೂ ಇನ್ನು ಕ್ಯಾನ್ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟೆ. ಅತ್ತೆ ಮಾತು ಬಿಟ್ಟರು. ಮರುದಿನ ಗಂಡ ಗೊಣಗುತ್ತ ತಾನೇ ಹೋಗಿ ಕ್ಯಾನ್ ಎತ್ತಿದ. ಅಲ್ಲೇ ಸೊಂಟ ಹಿಡಿದುಕೊಂಡಿತು. ಜನ ನಡೆಸಿಕೊಂಡು ಬಂದರು. ಅವನ ನೋವಿಗೆ ಯಾವ ಸ್ಕ್ಯಾನೂ ಬೇಕಾಗಲಿಲ್ಲ, ಭಾನುವಾರವನ್ನೂ ಕಾಯಲಿಲ್ಲ. ಅತ್ತೆ ಅವನನ್ನು ಹೊಸ್ತಿಲ ಬಳಿ ಮಲಗಿಸಿ, "ಬಾರವ್ವ, ಒದ್ಬುಡು," ಎಂದರು.

ಗೋಡೆ ಹಿಡಿದು ನಿಂತೆ. ಕಾಲು ಏಳಲಿಲ್ಲ. ತೊಡೆಯ ಹಿಂದಿನಿಂದ ಹಿಮ್ಮಡಿವರೆಗೆ ಉರಿ ಇಳಿಯಿತು. ಆಗುತ್ತಿಲ್ಲ ಎಂದೆ. ಅತ್ತೆ ಬಗ್ಗಿ, ನನ್ನ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಎತ್ತಿ, ಮಗನ ಸೊಂಟಕ್ಕೆ ಮೂರು ಸಲ ತಾಕಿಸಿದರು. ನಾನು ಚೀರಿದೆ.

"ಹೋಯ್ತೇನ್ಲಾ ನೋವು?" ಎಂದು ಅವರು ಕೇಳಿದ್ದು ಮಗನನ್ನು.

"ವಸಿ ಹಗುರಾತು," ಎಂದ ಅವನು.

ಅವನಿಗೆ ದಿಂಬು ಕೊಟ್ಟು ಅತ್ತೆ ನನ್ನ ಕಡೆ ತಿರುಗಿದರು. "ಕ್ಯಾನ್ ಅಲ್ಲೇ ಬಿದ್ದೈತೆ, ತಂದ್ಬುಡವ್ವ. ಪಾಪ, ಅವನ ಕೈಲಿ ಆಗಾಕಿಲ್ಲ."