ಮೈಕ್ರೋವೇವ್ ಬಿಚ್ಚಿದ ದಿನ

ಗಲ್ಫಿನಲ್ಲಿ, ಬುಸೈತೀನಿನ ನಮ್ಮ ಫ್ಲ್ಯಾಟಿನಲ್ಲಿ ಮೈಕ್ರೋವೇವ್ ಕೆಟ್ಟಾಗ ನಾನು ಆಸ್ಪತ್ರೆಯಿಂದ ಬಂದು ಕೆಲವು ವಾರಗಳಾಗಿದ್ದವು. ತಿಂಗಳು ತುಂಬಿ ಹುಟ್ಟಿದ ಮಗಳು ಉಸಿರಾಡಿರಲಿಲ್ಲ. ನನ್ನ ಗಂಡ ಮತ್ತೆ ಮನಾಮಾದ ಆಫೀಸಿಗೆ ಹೋಗತೊಡಗಿದ್ದರು. ನಾನು ಸೋಫಾದ ಮೇಲೆ ಕೂತಿರುತ್ತಿದ್ದೆ. ದುಃಖ ಎನ್ನುವಂಥದ್ದೇನೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿತ್ತು.

ಪಕ್ಕದ ಫ್ಲ್ಯಾಟಿನ ಬ್ಯಾರಿ ಹೆಂಗಸು, ಮಂಗಳೂರು ಕಡೆಯವರು, ದಿನವೂ ಏನಾದರೂ ಮಾಡಿ ತರುತ್ತಿದ್ದರು. ನನಗಿಂತ ದೊಡ್ಡವರು; ಅಕ್ಕ ಎನ್ನುತ್ತಿದ್ದೆ. ಅವತ್ತು ಅವರು ತಂದ ಗಂಜಿಯನ್ನು ಬಿಸಿಗಿಟ್ಟೆ. ದೀಪ ಹೊತ್ತಿತು, ತಟ್ಟೆ ತಿರುಗಿತು, ಗಂಜಿ ಮಾತ್ರ ತಣ್ಣಗೇ ಇತ್ತು.

ಒಲೆಯ ಮೇಲೆ ಬಿಸಿ ಮಾಡಿದರಾಯಿತು ಎಂದರು ಅಕ್ಕ. ನಾನು ಟೂಲ್ ಬಾಕ್ಸ್ ತಂದೆ. ಮದುವೆಗೆ ಮುಂಚೆ ದಾವಣಗೆರೆಯ ಸರ್ವಿಸ್ ಸೆಂಟರ್ ಒಂದರಲ್ಲಿ ನನಗೆ ಇದೇ ಕೆಲಸ. ಪ್ಲಗ್ ಕಿತ್ತೆ, ಬಳೆ ತೆಗೆದಿಟ್ಟೆ, ಸ್ವಲ್ಪ ಹೊತ್ತು ಬಿಟ್ಟು ಕವರ್ ಬಿಚ್ಚಿದೆ. ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಅದನ್ನು ಖಾಲಿ ಮಾಡದೆ ಏನನ್ನೂ ಮುಟ್ಟುವಂತಿಲ್ಲ. ಕರೆಂಟ್ ಎದೆಯ ಮೂಲಕ ಹರಿಯದಿರಲೆಂದು ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ರೆಸಿಸ್ಟರ್ ಕೂರಿಸಿದ ಉದ್ದ ಹಿಡಿಯ ಕಡ್ಡಿಯನ್ನು ಕೆಪಾಸಿಟರಿನ ತುದಿಗಳಿಗೆ ತಾಗಿಸಿದೆ.

ಫಟ್ ಎಂದು ಕಿಡಿ ಹಾರಿತು. ಅಕ್ಕ ಕೂಗಿಕೊಂಡು ಹಿಂದೆ ಸರಿದರು. ನನ್ನ ಕಣ್ಣರೆಪ್ಪೆಯೂ ಅಲುಗಲಿಲ್ಲ. ಮತ್ತೊಮ್ಮೆ ತಾಗಿಸಿದೆ, ಮೀಟರ್ ಹಿಡಿದು ನೋಡಿದೆ. ಏನೂ ಉಳಿದಿರಲಿಲ್ಲ. ಬ್ಯಾಟರಿ ಸೆಲ್ ಜೋಡಿಸಿ ಪರೀಕ್ಷಿಸಿದಾಗ, ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಹೈ ವೋಲ್ಟೇಜ್ ಡಯೋಡ್ ಸತ್ತಿರುವುದು ತಿಳಿಯಿತು. ಪ್ಲಗ್ ಕಿತ್ತ ಮೇಲೆ ತಾನಾಗಿ ಇಳಿಯಬೇಕಾದ ಚಾರ್ಜ್ ಇಳಿದಿರಲಿಲ್ಲವಾದ್ದರಿಂದ ಕೆಪಾಸಿಟರನ್ನೂ ಬದಲಿಸಬೇಕಿತ್ತು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನೆಲದ ಮೇಲೆ, ನನ್ನ ಪಕ್ಕದಲ್ಲೇ ಕೂತರು.

"ನೀನು ಮಗುವನ್ನು ನೋಡಿದ್ದೀಯಾ?"

ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಇನ್ನೊಂದು ಆಗುತ್ತದೆ ಎಂದವರೇ ಎಲ್ಲ.

"ನೋಡಿದೆ," ಎಂದೆ. "ತುಂಬ ಕೂದಲಿತ್ತು."

"ಹೌದಾ ಮಗಳೇ," ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

ಅವರ ಗಂಡನಿಗೆ ಟುಬ್ಲಿಯಲ್ಲಿ ಗ್ಯಾರೇಜಿತ್ತು. ಬಿಡಿಭಾಗಗಳ ಮೇಲಿನ ನಂಬರುಗಳನ್ನು ಫೋನಿನಲ್ಲಿ ಓದಿ ಹೇಳಿದೆ. ಮಧ್ಯಾಹ್ನ ಊಟಕ್ಕೆ ಬರುವಾಗ ಅವರೇ ಎರಡನ್ನೂ ಹುಡುಕಿ ತಂದುಕೊಟ್ಟರು. ಡಯೋಡಿನ ದಿಕ್ಕು ನೋಡಿ ಕೂರಿಸಿದೆ, ಅರ್ತಿಂಗಿನ ತುದಿಯನ್ನು ಬಿಗಿಯಾಗಿ ತಿರುಪಿದೆ, ಕವರ್ ಮುಚ್ಚಿದ ಮೇಲೆಯೇ ಪ್ಲಗ್ ಹಾಕಿದೆ. ಲೋಟದ ನೀರು ಬಿಸಿಯಾಯಿತು. ಸಂತೋಷವೇನೂ ಆಗಲಿಲ್ಲ.

ಸಂಜೆ ನಾನೂ ನನ್ನ ಗಂಡನೂ ಊಟಕ್ಕೆ ಕೂತಾಗ, ಅಕ್ಕ ಮಗುವಿನ ಬಗ್ಗೆ ಕೇಳಿದರು ಎಂದೆ. ಅವರು ತಟ್ಟೆ ನೋಡುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಮಗುವನ್ನು ನೋಡಲು ನರ್ಸ್ ಕರೆದಾಗ ಅವರು ಒಳಗೆ ಬಂದಿರಲಿಲ್ಲ, ಕಾರಿಡಾರಿನಲ್ಲೇ ನಿಂತಿದ್ದರು.

ತಲೆಯೆತ್ತದೆಯೇ, "ಯಾರ ಥರ ಇದ್ಲು?" ಎಂದರು.

"ಹಣೆ ನಿಮ್ಮದೇ."

ಅವರು ಅತ್ತರು. ನನಗೆ ಅಳು ಬರಲಿಲ್ಲ. ಎಂಜಲು ಕೈಯಲ್ಲೇ ಎದ್ದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ.