ವೀರಣ್ಣನವರ ಗೆರೆ, ನನ್ನ ಹುಳಗಳು

ಈ ಬೆಳಿಗ್ಗೆ ಎದುರು ಮನೆಯವರು ಬೈಕಿನ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಆ ವಾಸನೆಗೆ ಬೇರೆಯವರಿಗೆ ಸ್ಟೋವ್ ನೆನಪಾಗುತ್ತದೆ. ನನಗೆ ಡೈನೋಸಾರ್ ಕಾಲದ ಸಮುದ್ರ. ನಗಬೇಡಿ, ಹೇಳುತ್ತೇನೆ.

ಹೊಸಪೇಟೆಯಲ್ಲಿ ವೀರಣ್ಣನವರದೊಂದು ಲ್ಯಾಬ್ ಇತ್ತು. ಸಂಡೂರಿನ ಅದಿರು ಪರೀಕ್ಷಿಸುವುದು ಅದರ ಕಸುಬು; ನಾನು ಅಲ್ಲಿ ಕೆಲಸಕ್ಕಿದ್ದೆ. ಗಣಿಗಳು ನಿಂತಾಗ ತಕ್ಕಡಿಯ ಮೇಲೆ ಧೂಳು ಕೂತಿತು. ಆಗ ತಮಿಳುನಾಡಿನ ಕಡೆ ಎಣ್ಣೆ ಹುಡುಕುತ್ತಿದ್ದ ಒಬ್ಬ ಗಿರಾಕಿ, ಎರಡು ಬಾವಿ ಕೊರೆದಾಗ ಬಂದ ಕಲ್ಲಿನ ಚೂರುಗಳನ್ನು ಕಳಿಸಿದ. ನಮ್ಮ ಹಂಪಿಯ ಬಂಡೆಗಳು ಚಿಪ್ಪಿನ ಪ್ರಾಣಿ ಹುಟ್ಟುವ ಎಷ್ಟೋ ಮೊದಲೇ ಮುದಿಯಾದವು; ಅವುಗಳಲ್ಲಿ ಹುಡುಕಿದರೆ ಒಂದು ಹುಳವೂ ಸಿಗದು. ಅಂಥ ಊರಿನಲ್ಲಿ ಕೂತು ನಾನು ಡೈನೋಸಾರ್ ಕಾಲದ ಸಮುದ್ರತಳದ ಆ ಕ್ರಿಟೇಷಿಯಸ್ ಚೂರುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ತೊಳೆದು, ಸೋಸಿ, ರವೆಗಿಂತ ಸಣ್ಣ ಚಿಪ್ಪುಗಳನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಿದ್ದೆ. ವೀರಣ್ಣನವರ ಬಾಯಲ್ಲಿ ಅವು ‘ಹುಳ’. ಚಿಪ್ಪಿನ ಜಾತಿ ತಿಳಿದರೆ ಪದರದ ವಯಸ್ಸು ತಿಳಿಯುತ್ತದೆ. ವೀರಣ್ಣನವರದು ದೊಡ್ಡಸ್ತಿಕೆಯ ಕೆಲಸ: ನೆಲಕ್ಕೆ ಕಂಪನ ಕೊಟ್ಟು ಮರುದನಿ ಹಿಡಿದ ನಕ್ಷೆಯ ಮೇಲೆ, ಬಾವಿಯಿಂದ ಬಾವಿಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು.

ಎಳೆದರು. ಎರಡೂ ಕಡೆ ಒಂದೇ ಪದರ ಎಂದಿತು ಗೆರೆ. ಗಿರಾಕಿಗೂ ಅದೇ ಬೇಕಿತ್ತು; ಪದರ ಮುರಿಯದಿದ್ದರೆ ನಡುವೆಯೂ ಎಣ್ಣೆ ಸಿಗುತ್ತದೆಂಬ ಲೆಕ್ಕ. ನಡುವೆ ಮೂರನೇ ಬಾವಿ ಕೊರೆಯಲು ಯಂತ್ರವನ್ನೂ ತಂದು ನಿಲ್ಲಿಸಿದ್ದ. ಆದರೆ ಎರಡನೇ ಬಾವಿಯಲ್ಲಿ ಗೆರೆ ಮುಟ್ಟುವ ಆಳದಲ್ಲೇ ನನಗೆ ಆ ಪದರಕ್ಕಿಂತ ವಯಸ್ಸಿನಲ್ಲಿ ಕಿರಿಯ ಚಿಪ್ಪುಗಳು ಸಿಕ್ಕವು.

“ಮ್ಯಾಲಿಂದ ಉದುರ್ಯಾವಲೇ ತಮ್ಮ. ಬಾವಿ ಗ್ವಾಡಿ ಉದುರೂದು ಹೊಸದೇನು? ನಿನ್ ಹುಳ ಕಾಲ್ಜಾರಿ ಬಿದ್ದಾವ,” ಎಂದರು ವೀರಣ್ಣನವರು.

“ಬಿದ್ದಿರಬೋದ್ರಿ. ಗಟ್ಟಿ ತುಂಡು ತರಿಸ್ರಿ, ಒಡದು ನೋಡೂಣು.”

“ಒಂದೇ ಪದರ ಅಲ್ಲ ಅಂದ್ರ ಅವ್ನು ಮಾಲು ಹೊತ್ಕಂಡು ಹೋಗ್ತಾನ. ಲ್ಯಾಬ್ ಮುಚ್ಚಿ ಇಬ್ರೂ ಕಡ್ಡಿರಾಂಪುರದಾಗ ಮಿರ್ಚಿ ಕರಿಯೋಣೇನು?”

ಬೈದರೂ ತರಿಸಿದರು. ಆ ಆಳದಿಂದಲೇ ಇಡಿಯಾಗಿ ಕತ್ತರಿಸಿ ತೆಗೆದ ತುಂಡು. ಅದರ ಹೊಟ್ಟೆಯೊಳಗೆ ಮೇಲಿನದೇನೂ ಬೀಳಲಾರದು. ಹೊರಮೈ ಕೆರೆದು, ಒಡೆದು, ತೊಳೆದು ನೋಡಿದೆವು. ಅವೇ ಕಿರಿಯ ಚಿಪ್ಪುಗಳು. ಸೂಕ್ಷ್ಮದರ್ಶಕವನ್ನು ಅವರತ್ತ ಸರಿಸಿದೆ. ವೀರಣ್ಣನವರು ನಕ್ಷೆಯನ್ನು ಕಿಟಕಿಗೆ ಹಿಡಿದರು. ಬಾವಿಗಳ ನಡುವೆ ಮರುದನಿ ಮಸುಕಾದ ಒಂದು ಜಾಗವಿತ್ತು. ಅಲ್ಲಿ ನೆಲ ಸೀಳಿ ಒಂದು ಬದಿ ಕೆಳಗೆ ಜಾರಿತ್ತು. ಅವರ ಗೆರೆ ಆ ಸೀಳನ್ನು ಹೊಲಿದುಬಿಟ್ಟಿತ್ತು.

ರಬ್ಬರ್ ತೆಗೆದುಕೊಂಡು ಅಳಿಸಿದರು. “ಬ್ಯಾರೆ ಬ್ಯಾರೆ ಪದರ ಅಂತ ಬರಿ. ಸೈ ನಾ ಹಾಕ್ತೀನಿ.”

ಗಿರಾಕಿ ಮಾಲು ಹೊತ್ತುಕೊಂಡು ಹೋದ. ಮೂರನೇ ಬಾವಿ ಏನಾಯಿತೆಂದು ನಮಗೆ ಯಾರೂ ಹೇಳಲಿಲ್ಲ. ಲ್ಯಾಬ್ ಮುಚ್ಚಿತು. ವೀರಣ್ಣನವರು ಕಂಪ್ಲಿಯಲ್ಲಿ ತಮ್ಮನ ಅಕ್ಕಿಗಿರಣಿ ಸೇರಿದರು, ನಾನು ಮೇಷ್ಟ್ರಾದೆ.

ಇವತ್ತು ವೀರಣ್ಣನವರಿಗೆ ಫೋನ್ ಮಾಡಿ, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. “ಲ್ಯಾಬ್ ಮುಚ್ಚಿದ್ದು ನನ್ನಿಂದನ ಅಲ್ಲೇನ್ರಿ?”

ಹಿಂದೆ ಗಿರಣಿ ಸದ್ದು ಮಾಡುತ್ತಿತ್ತು. ಅವರು ಮೆಲ್ಲಗೆ ಹೇಳಿದರು: “ನಕ್ಷೆದಾಗಿನ ಆ ಮಸುಕು ನನಗ ಮೊದ್ಲ ಕಂಡಿತ್ತಲೇ. ನೀ ಸುಮ್ನಿದ್ದಿದ್ರ, ಆ ಗೆರಿಗೇ ಸೈ ಹಾಕ್ತಿದ್ದೆ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಐತವಾರ ಊಟಕ್ಕ ಬಾ,” ಎಂದರು. “ಹುಳ ಇಲ್ಲದ ಅಕ್ಕಿ ಐತಿ.”